ಹಿತ್ತಿಲಿರುವಾಗ ಮನೆ ಒಡೆಯುವುದೇಕೆ

ಬೆಂಗಳೂರಿನ ಜಯನಗರ, ರಾಜಾಜಿನಗರ, ಬಸವನಗುಡಿ, ಮಲ್ಲೇಶ್ವರಗಳಲ್ಲಿ 1950 ಮತ್ತು 60ರ ದಶಕಗಳಲ್ಲಿ ಕಟ್ಟಿದ ಮನೆಗಳ ಮೇಲೆ ಇಂದು ಒಂದೇ ತೀರ್ಪು ಚಾಲ್ತಿಯಲ್ಲಿದೆ: ಬೆಲೆಯೆಲ್ಲ ಸೈಟಿನದು, ಮನೆಯದು ಸೊನ್ನೆ. ದಲ್ಲಾಳಿ ಹಾಗೆನ್ನುತ್ತಾನೆ, ಬಿಲ್ಡರ್ ಹಾಗೆನ್ನುತ್ತಾನೆ, ಹೊರದೇಶದಲ್ಲಿ ನೆಲೆಸಿದ ಮಕ್ಕಳೂ ಫೋನಿನಲ್ಲಿ ಅದನ್ನೇ ಹೇಳುತ್ತಾರೆ. ಕೊನೆಗೆ ಆ ಮನೆಯಲ್ಲೇ ಬಾಳಿದ ಹಿರಿಯರೂ ಒಪ್ಪಿ ಸಹಿ ಹಾಕುತ್ತಾರೆ. ತೀರ್ಪಿಗೆ ಕೊಡುವ ಕಾರಣಗಳು ಮೂರು. ಮನೆ ಶಿಥಿಲವಾಗಿದೆ, ರಿಪೇರಿಗೆ ಸುರಿಯುವ ದುಡ್ಡು ದಂಡ, ಇಷ್ಟು ದೊಡ್ಡ ನಗರದಲ್ಲಿ ಅಷ್ಟು ಜಾಗವನ್ನು ಒಂದೇ ಸಂಸಾರ ಹಿಡಿದುಕೊಂಡಿರುವುದು ಸರಿಯಲ್ಲ. ಮೊದಲಿನ ಎರಡು ಕಾರಣಗಳು ಬಹುಪಾಲು ಮನೆಗಳ ವಿಷಯದಲ್ಲಿ ಪರೀಕ್ಷೆ ಮಾಡದೆ ಆಡುವ ಮಾತು. ಮೂರನೆಯದರಲ್ಲಿ ನ್ಯಾಯವಿದೆ, ಆದರೆ ಅದಕ್ಕೆ ಉತ್ತರ ಜೆಸಿಬಿಯಲ್ಲಿಲ್ಲ. ಮುಂದಿನ ಮನೆಯನ್ನು ದುರಸ್ತಿ ಮಾಡಿ ಉಳಿಸಿಕೊಂಡು, ಹಿಂದಿನ ಖಾಲಿ ಜಾಗದಲ್ಲಿ ಎರಡೋ ಮೂರೋ ಸಾಲುಮನೆ ಕಟ್ಟಿದರೆ ಅದೇ ಸೈಟಿನಲ್ಲಿ ಮೂರೋ ನಾಲ್ಕೋ ಸಂಸಾರ ನೆಲೆಯಾಗುತ್ತವೆ.

ಈ ಮನೆಗಳು ಹುಟ್ಟಿದ ಕಾಲವನ್ನು ಮೊದಲು ನೋಡಬೇಕು. 1941ರ ಜನಗಣತಿಯಲ್ಲಿ ಸುಮಾರು ನಾಲ್ಕು ಲಕ್ಷವಿದ್ದ ಬೆಂಗಳೂರಿನ ಜನಸಂಖ್ಯೆ 1951ರ ಹೊತ್ತಿಗೆ ಎಂಟು ಲಕ್ಷದ ಹತ್ತಿರ ಬಂತು. ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಇಂದಿನ ಎಚ್‌ಎಎಲ್) 1940ರಿಂದ ಇತ್ತು. ಟೆಲಿಫೋನ್ ಕಾರ್ಖಾನೆ ಐಟಿಐ 1948ರಲ್ಲಿ, ಎಚ್‌ಎಂಟಿ 1953ರಲ್ಲಿ, ಬಿಇಎಲ್ 1954ರಲ್ಲಿ ಬಂದವು. ನಗರ ಮತ್ತು ದಂಡು (ಕಂಟೋನ್ಮೆಂಟ್) 1949ರಲ್ಲಿ ಒಂದೇ ಕಾರ್ಪೊರೇಷನ್ ಆದವು. 1945ರಲ್ಲಿ ಸ್ಥಾಪನೆಯಾದ ಸಿಐಟಿಬಿ, ಅಂದರೆ ನಗರ ಸುಧಾರಣಾ ಟ್ರಸ್ಟ್ ಬೋರ್ಡು, ಹೊಸ ಬಡಾವಣೆಗಳನ್ನು ಮಾಡಿ ಸೈಟು ಹಂಚಿತು. ಜಯನಗರಕ್ಕೆ 1948ರಲ್ಲಿ ಅಡಿಗಲ್ಲು ಬಿತ್ತು. ಗುಮಾಸ್ತರು, ಮೇಷ್ಟ್ರುಗಳು, ಕಾರ್ಖಾನೆಯ ನೌಕರರು, ಬ್ಯಾಂಕಿನವರು ಸಾಲ ಸೋಲ ಮಾಡಿ, ಹೆಂಡತಿಯ ಒಡವೆ ಅಡವಿಟ್ಟು ಕಟ್ಟಿಸಿದ ಮನೆಗಳಿವು. ಅರಮನೆಗಳಲ್ಲ, ಬಂಗಲೆಗಳೂ ಅಲ್ಲ.

ಸಾಮಾನ್ಯವಾಗಿ ಇಂಥ ಮನೆ ಸೈಟಿನ ಮುಂಭಾಗದಲ್ಲಿ ನಿಲ್ಲುತ್ತದೆ. ಸೈಜುಗಲ್ಲಿನ ಪಾಯ, ಒಂಬತ್ತು ಅಂಗುಲದ ಅಥವಾ ಹದಿಮೂರೂವರೆ ಅಂಗುಲದ ಇಟ್ಟಿಗೆ ಗೋಡೆ, ಹತ್ತೂವರೆ ಹನ್ನೊಂದು ಅಡಿ ಎತ್ತರದ ಕೋಣೆಗಳು. ಮೇಲೆ ಮದ್ರಾಸ್ ತಾರಸಿ, ಇಲ್ಲವೇ ಆಗಷ್ಟೇ ರೂಢಿಗೆ ಬರುತ್ತಿದ್ದ ಕಾಂಕ್ರೀಟ್ ಮೋಲ್ಡು. ಕಿಟಕಿಯ ಮೇಲೆ ಉದ್ದನೆಯ ಸಜ್ಜಾ, ಮೆಟ್ಟಿಲಿನ ಬಳಿ ಜಾಲಿ ಗೋಡೆ, ಮುಂದೊಂದು ಪೋರ್ಟಿಕೊ. ಒಳಗೆ ಕೆಂಪು ಗಾರೆಯ ನೆಲ ಅಥವಾ ಮೊಸಾಯಿಕ್. ನಾಜಿಗಳ ಕಾಲದಲ್ಲಿ ಜರ್ಮನಿ ಬಿಟ್ಟು ಬಂದು 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದ ಆಟೊ ಕ್ಯೋನಿಗ್ಸ್‌ಬರ್ಗರ್, ಬಿಸಿಲನ್ನು ತಡೆದು ಗಾಳಿಯನ್ನು ಒಳಗೆ ಬಿಡುವ ಕಟ್ಟಡ ಹೇಗಿರಬೇಕೆಂದು ಇಲ್ಲೇ ದುಡಿದು ತೋರಿಸಿದವರು. ಅವರ ಹೆಸರನ್ನೇ ಕೇಳಿರದ ಮೇಸ್ತ್ರಿಗಳು ಕಟ್ಟಿದ ಈ ಮನೆಗಳಲ್ಲೂ ಅದೇ ಜಾಣತನ ಕಾಣುತ್ತದೆ: ಎದುರುಬದುರು ಕಿಟಕಿ, ಆಳವಾದ ನೆರಳು, ದಪ್ಪ ಗೋಡೆ. ಏಪ್ರಿಲ್ ತಿಂಗಳಲ್ಲೂ ಇಂಥ ಮನೆಯ ನಡುಮನೆಯಲ್ಲಿ ಎ.ಸಿ. ಬೇಕೆನಿಸುವುದಿಲ್ಲ. ಮನೆಯ ಹಿಂದೆ ಬಚ್ಚಲು, ಬಟ್ಟೆ ಒಗೆಯುವ ಕಲ್ಲು, ಹಲವು ಕಡೆ ಬಾವಿ, ಒಂದೆರಡು ತೆಂಗು, ಒಂದು ಮಾವು. ವಾದವೆಲ್ಲ ನಿಂತಿರುವುದು ಈ ಹಿತ್ತಿಲಿನ ಮೇಲೆ.

ಹಿತ್ತಿಲಲ್ಲಿ ಸಾಲುಮನೆ ಕಟ್ಟುವುದು ಅಮೆರಿಕದಿಂದಲೋ ಯುರೋಪಿನಿಂದಲೋ ತರಬೇಕಾದ ವಿದ್ಯೆಯಲ್ಲ. ಮುಂದೆ ಮಾಲೀಕರ ಮನೆ, ಪಕ್ಕದಲ್ಲಿ ಓಣಿ, ಹಿಂದೆ ಒಂದಕ್ಕೊಂದು ಅಂಟಿಕೊಂಡ ಬಾಡಿಗೆ ಮನೆಗಳು, ನಡುವೆ ಎಲ್ಲರಿಗೂ ಸೇರಿದ ನಲ್ಲಿ: ಬೆಂಗಳೂರು ಮೈಸೂರುಗಳ ವಠಾರ ಇದೇ. ನಿರಂಜನರು ಕಾದಂಬರಿಗೆ ‘ರಂಗಮ್ಮನ ವಠಾರ’ ಎಂದು ಹೆಸರಿಟ್ಟಾಗ ಯಾವ ಓದುಗರಿಗೂ ಆ ಪದವನ್ನು ವಿವರಿಸಿ ಹೇಳಬೇಕಾಗಿರಲಿಲ್ಲ. ವಠಾರದ ಬದುಕು ಸುಖದ್ದಾಗಿರಲಿಲ್ಲ ಎಂಬುದೂ ನಿಜ. ಕತ್ತಲ ಕೋಣೆಗಳು, ಹಲವು ಸಂಸಾರಗಳಿಗೆ ಒಂದೇ ಕಕ್ಕಸು, ನೀರಿಗಾಗಿ ದಿನಬೆಳಗಾದರೆ ಜಗಳ. ಆದರೆ ಕೊರತೆ ಇದ್ದದ್ದು ಗಾಳಿ, ಬೆಳಕು, ನೀರಿನದು. ಮುಂದೆ ಮನೆ ಹಿಂದೆ ಸಾಲು ಎಂಬ ವಿನ್ಯಾಸದ್ದಲ್ಲ. ಆ ವಿನ್ಯಾಸವನ್ನು ಇಟ್ಟುಕೊಂಡು ಕೊರತೆಗಳನ್ನು ನೀಗಿಸಲು ಇಂದು ಯಾವ ಅಡ್ಡಿಯೂ ಇಲ್ಲ.

ಮೊದಲ ಆಪಾದನೆ, ಮನೆ ಶಿಥಿಲ ಎಂಬುದು. ಸೀಲಿಂಗಿನಲ್ಲಿ ಒಂದು ಕಡೆ ಗಾರೆ ಉದುರಿ ತುಕ್ಕು ಹಿಡಿದ ಕಬ್ಬಿಣ ಕಂಡರೆ ಸಾಕು, ಇಡೀ ಮನೆಗೆ ಮರಣಶಾಸನ ಬರೆದುಬಿಡುತ್ತಾರೆ. ಕಾಂಕ್ರೀಟಿನೊಳಗೆ ನಡೆಯುವುದೇನೆಂದು ತಿಳಿದವರು ಹಾಗೆ ಅವಸರ ಮಾಡುವುದಿಲ್ಲ. ಹೊಸ ಕಾಂಕ್ರೀಟು ಕ್ಷಾರೀಯ. ಆ ಕ್ಷಾರ ಇರುವವರೆಗೆ ಒಳಗಿನ ಕಂಬಿ ತುಕ್ಕು ಹಿಡಿಯುವುದಿಲ್ಲ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ವರ್ಷಕ್ಕೆ ಒಂದಿಷ್ಟು ಒಳಗೆ ಇಳಿದು ಆ ಕ್ಷಾರವನ್ನು ಕುಗ್ಗಿಸುತ್ತದೆ. ಅದು ಕಂಬಿಯನ್ನು ಮುಟ್ಟಿದಾಗ, ಜೊತೆಗೆ ತಾರಸಿಯ ನೀರೂ ಇಳಿದರೆ, ತುಕ್ಕು ಶುರುವಾಗುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕೆಳಗಿನ ಗಾರೆಯನ್ನು ಸಿಡಿಸಿ ಬೀಳಿಸುತ್ತದೆ. ಎಲ್ಲಿ ಎಷ್ಟು ಆಗಿದೆ ಎಂಬುದನ್ನು ಅಳೆಯಬಹುದು. ಮೋಲ್ಡಿನಿಂದ ಒಂದು ಚಕ್ಕೆ ಎಬ್ಬಿಸಿ, ಹಸಿ ಮೈಗೆ ಫಿನಾಫ್ತಲೀನ್ ದ್ರಾವಣ ಚಿಮುಕಿಸಿದರೆ ಕ್ಷಾರ ಉಳಿದ ಭಾಗ ಬೀಟ್‌ರೂಟ್ ಹಿಂಡಿದಂತೆ ಕಡುಗುಲಾಬಿಯಾಗುತ್ತದೆ, ಕಳೆದುಕೊಂಡ ಭಾಗ ಬೂದಿಬಣ್ಣದಲ್ಲೇ ಉಳಿಯುತ್ತದೆ. ಗುಲಾಬಿ ಅಂಚಿನಿಂದ ಕಂಬಿಗೆ ಎಷ್ಟು ದೂರವೆಂದು ಸ್ಕೇಲಿನಲ್ಲಿ ನೋಡಬಹುದು. ಪಿಯುಸಿ ಪ್ರಯೋಗಶಾಲೆಯಲ್ಲಿ ವಿಜ್ಞಾನದ ವಿದ್ಯಾರ್ಥಿಗಳು ಕೈಯಲ್ಲಿ ಹಿಡಿದ ಬಾಟಲಿ ಅದು. ಇನ್ನೊಂದು ಪರೀಕ್ಷೆಗೆ ಸಣ್ಣ ಸುತ್ತಿಗೆ ಸಾಕು: ಗಟ್ಟಿ ಮೋಲ್ಡು ಟಣ್ ಎನ್ನುತ್ತದೆ, ಒಳಗೆ ಬಿಟ್ಟುಕೊಂಡದ್ದು ಟೊಳ್ಳು ಸದ್ದು ಕೊಡುತ್ತದೆ. ಇಡೀ ಸೀಲಿಂಗನ್ನು ತಟ್ಟಿ ಸೀಮೆಸುಣ್ಣದಲ್ಲಿ ಗುರುತು ಮಾಡಿದರೆ, ಕೆಟ್ಟದ್ದು ಹೆಚ್ಚಾಗಿ ಬಚ್ಚಲಿನ ಮೇಲೆ, ನೀರಿನ ಟ್ಯಾಂಕಿನ ಕೆಳಗೆ, ಸಜ್ಜಾದ ಅಂಚಿನಲ್ಲಿ ಎಂಬುದು ಕಣ್ಣಿಗೇ ಕಾಣುತ್ತದೆ.

ಕೆಟ್ಟಷ್ಟು ಜಾಗದಲ್ಲಿ ಸಡಿಲ ಕಾಂಕ್ರೀಟು ಕೆತ್ತಿ, ಕಂಬಿಯ ತುಕ್ಕನ್ನು ಉಜ್ಜಿ ತೆಗೆದು, ಸವೆದಿದ್ದರೆ ಹೊಸ ಕಂಬಿ ಕೂಡಿಸಿ, ಪಾಲಿಮರ್ ಗಾರೆ ಮೆತ್ತುವುದು ಇಂದು ನಗರದಲ್ಲಿ ದಿನನಿತ್ಯ ನಡೆಯುವ ಕೆಲಸ. ಮೋಲ್ಡು ಪೂರ್ತಿ ಕೆಟ್ಟಿದ್ದರೂ ಗೋಡೆ ಮತ್ತು ಪಾಯ ಕೆಟ್ಟಿವೆ ಎಂದಾಗುವುದಿಲ್ಲ. ಆ ಕೋಣೆಗೆ ಮಾತ್ರ ಹೊಸ ಮೋಲ್ಡು ಹಾಕಬಹುದು. ವೈರಿಂಗ್ ಹಳೆಯದು, ಅರ್ಥಿಂಗ್ ಇಲ್ಲ, ಜಿ.ಐ. ಪೈಪು ಒಳಗೆ ತುಕ್ಕುಗಟ್ಟಿ ನೀರು ಸಣ್ಣಗೆ ಬರುತ್ತದೆ ಎಂಬ ದೂರುಗಳೆಲ್ಲ ನಿಜ. ಆದರೆ ವೈರು, ಪೈಪು ಯಾವ ಮನೆಯಲ್ಲೇ ಆಗಲಿ ಕಾಲಕಾಲಕ್ಕೆ ಬದಲಿಸಬೇಕಾದ ವಸ್ತುಗಳು. ನರ ದುರ್ಬಲವಾಯಿತೆಂದು ಯಾರೂ ಮೂಳೆ ಮುರಿಸಿಕೊಳ್ಳುವುದಿಲ್ಲ.

ದುರಸ್ತಿಯಲ್ಲಿ ನಡೆಯುವ ಅನಾಹುತವೂ ಒಂದಿದೆ, ಅದರ ಹೊಣೆಯನ್ನು ಹಳೆಯ ಮನೆಯ ತಲೆಗೆ ಕಟ್ಟುವುದು ಅನ್ಯಾಯ. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆಗೆ ಮೇಲಿನಿಂದ ಗಟ್ಟಿ ಸಿಮೆಂಟು ಬಳಿದು ಪ್ಲಾಸ್ಟಿಕ್ ಪೇಂಟು ಹೊಡೆದರೆ ಗೋಡೆಯೊಳಗಿನ ತೇವ ಹೊರಗೆ ಹೋಗಲಾರದೆ ಬುಡದಲ್ಲಿ ಚೌಳು ಹಿಡಿಯುತ್ತದೆ, ಬಣ್ಣ ಹಪ್ಪಳದಂತೆ ಏಳುತ್ತದೆ. ಮನೆಯವರು ಅದನ್ನು ನೋಡಿ ಗೋಡೆ ಸತ್ತಿತು ಎಂದುಕೊಳ್ಳುತ್ತಾರೆ. ಸತ್ತಿರುವುದು ನಿನ್ನೆ ಮೊನ್ನೆಯ ಪ್ಲಾಸ್ಟರು. ಅದನ್ನು ಕೆತ್ತಿ ತೆಗೆದು ಸುಣ್ಣದ ಗಾರೆಯನ್ನೇ ಮತ್ತೆ ಹಚ್ಚಿದರೆ ಗೋಡೆ ಉಸಿರಾಡುತ್ತದೆ. ಕೆಂಪು ಗಾರೆಯ ನೆಲದ ಮೇಲೆ ಟೈಲ್ಸ್ ಹಾಕುವುದು ಇಂಥದೇ ಇನ್ನೊಂದು ನಷ್ಟ. ಕರಣೆಯಲ್ಲಿ ಗಂಟೆಗಟ್ಟಲೆ ತಿಕ್ಕಿ ತಿಕ್ಕಿ ಆ ಹೊಳಪು ತರುತ್ತಿದ್ದ ಕೈಗಳು ಈಗ ಬೆರಳೆಣಿಕೆಯಷ್ಟೇ ಉಳಿದಿವೆ. ಒಮ್ಮೆ ಒಡೆದ ನೆಲವನ್ನು ಅದೇ ಗುಣದಲ್ಲಿ ಮತ್ತೆ ಹಾಕಿಸುವುದು ಬಹಳ ಕಷ್ಟ.

ಎರಡನೆಯ ಆಪಾದನೆ ದುಡ್ಡಿನದು, ಅದನ್ನು ಲೆಕ್ಕದಲ್ಲೇ ಎದುರಿಸಬೇಕು. 60 ಅಡಿ ಅಗಲ, 110 ಅಡಿ ಉದ್ದದ ಒಂದು ಸೈಟು ಇದೆ ಎಂದುಕೊಳ್ಳೋಣ; ಒಟ್ಟು 6,600 ಚದರಡಿ. ಮುಂದೆ 15 ಅಡಿ ಬಿಟ್ಟು 40 ಅಡಿ ಅಗಲ, 45 ಅಡಿ ಉದ್ದದ ಹಳೆಯ ಮನೆ, ಅಂದರೆ 1,800 ಚದರಡಿ ಅಥವಾ 18 ಚದರ. ಒಂದು ಪಕ್ಕದಲ್ಲಿ 6 ಅಡಿ, ಇನ್ನೊಂದು ಪಕ್ಕದಲ್ಲಿ 14 ಅಡಿಯ ದಾರಿ. ಮನೆಯ ಹಿಂದೆ 13 ಅಡಿ ಅಂಗಳ ಬಿಟ್ಟು, ಹಿಂದಿನ ಕಾಂಪೌಂಡಿಗೆ 9 ಅಡಿ ಬಿಟ್ಟರೆ 28 ಅಡಿ ಉದ್ದ ಉಳಿಯುತ್ತದೆ. ಅಲ್ಲಿ 16 ಅಡಿ ಅಗಲದ ಮೂರು ಸಾಲುಮನೆಗಳು ಕೂರುತ್ತವೆ. ನೆಲಮಹಡಿ ಮತ್ತು ಮೇಲೆರಡು ಅಂತಸ್ತು ಎಂದರೆ ಒಂದೊಂದು ಮನೆ 1,344 ಚದರಡಿ, ಮೂರೂ ಸೇರಿ 4,032. ಹಳೆಯ ಮನೆ ಸೇರಿಸಿದರೆ ಸೈಟಿನಲ್ಲಿ 5,832 ಚದರಡಿ. ಕಾರುಗಳಿಗೆ ಮುಂದಿನ ಅಂಗಳದಲ್ಲಿ ಎರಡು, ನಡುವಿನ ಅಂಗಳದ ಅಂಚಿನಲ್ಲಿ ಎರಡು ಜಾಗ ಸಿಗುತ್ತದೆ.

ಈಗ ಜಾಯಿಂಟ್ ಡೆವಲಪ್‌ಮೆಂಟ್ (ಜೆ.ಡಿ.) ಲೆಕ್ಕ, ಅಂದರೆ ಬಿಲ್ಡರಿಗೆ ಸೈಟು ಕೊಟ್ಟು ಅವನು ಕಟ್ಟಿದ್ದರಲ್ಲಿ ಪಾಲು ಪಡೆಯುವ ಒಪ್ಪಂದದ್ದು. ಎಫ್‌ಎಆರ್, ಅಂದರೆ ಸೈಟಿನ ಎಷ್ಟು ಪಟ್ಟು ಕಟ್ಟಬಹುದೆಂಬ ಮಿತಿ, 1.75 ಎಂದು ಹಿಡಿದರೆ ಅದೇ ಸೈಟಿನಲ್ಲಿ 11,550 ಚದರಡಿ ಏಳುತ್ತದೆ. ಅರ್ಧ ಅರ್ಧ ಹಂಚಿಕೆಯಾದರೆ ಮಾಲೀಕರ ಪಾಲು 5,775. ಸೈಟು ಪೂರ್ತಿ ಬಿಟ್ಟುಕೊಟ್ಟು, ಮನೆ ಒಡೆಸಿ, ಕಟ್ಟಡ ಮುಗಿಯುವವರೆಗೆ ಬಾಡಿಗೆ ಮನೆಯಲ್ಲಿದ್ದು, ಕೊನೆಗೆ ಕೈಗೆ ಬರುವುದು ಹಿತ್ತಿಲಲ್ಲಿ ಕಟ್ಟಿದರೆ ಬರುವಷ್ಟೇ. ನೂರಕ್ಕೆ ಅರವತ್ತು ಕೊಡುವ ಬಿಲ್ಡರ್ ಸಿಕ್ಕರೆ 6,930 ಆಗುತ್ತದೆ, ಸುಮಾರು 11 ಚದರ ಹೆಚ್ಚು. ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಫ್ಲಾಟಿನ ಅಳತೆಯಲ್ಲಿ ಲಿಫ್ಟು, ಮೆಟ್ಟಿಲು, ಓಡಾಟದ ಜಾಗದ ಪಾಲೂ ಸೇರಿಕೊಂಡಿರುವುದು ರೂಢಿ. ಅಲ್ಲದೆ ನೆಲ ಹಲವರ ಅವಿಭಜಿತ ಹಕ್ಕಾಗಿ ಚೂರಾಗುತ್ತದೆ. ಒಪ್ಪಂದದ ಜೊತೆಗೆ ಬಿಲ್ಡರಿಗೆ ಜಿಪಿಎ, ಅಂದರೆ ಅಧಿಕಾರ ಪತ್ರ, ಬರೆದುಕೊಡಬೇಕು. ರಿಯಲ್ ಎಸ್ಟೇಟ್ ನಿಯಂತ್ರಣದ 2016ರ ರೇರಾ ಕಾಯ್ದೆಯ ಪ್ರಕಾರ 500 ಚದರ ಮೀಟರ್ ಮೀರದ ನೆಲ ಅಥವಾ ಎಂಟು ಮೀರದ ಫ್ಲಾಟುಗಳ ಯೋಜನೆ ನೋಂದಣಿ ಮಾಡಬೇಕಾಗಿಲ್ಲ. ಹಳೆಯ ಬಡಾವಣೆಗಳ ಸಣ್ಣ ಸೈಟುಗಳಲ್ಲಿ ಏಳುವ ಎಷ್ಟೋ ಕಟ್ಟಡಗಳು ಈ ರಿಯಾಯಿತಿಯೊಳಗೇ ಬರುತ್ತವೆ. ಅರ್ಧದಲ್ಲಿ ಕೆಲಸ ನಿಂತರೆ ಮಾಲೀಕರಿಗೆ ಉಳಿಯುವುದು ಕೋರ್ಟು.

ಹಿತ್ತಿಲಲ್ಲಿ ಕಟ್ಟಲು ದುಡ್ಡು ಎಲ್ಲಿಂದ ಎಂಬ ಪ್ರಶ್ನೆ ನ್ಯಾಯವಾದದ್ದೇ. ಜಯನಗರದಂಥ ಕಡೆ ಚದರಡಿಯ ಮಾರಾಟದ ಬೆಲೆ ಕಟ್ಟುವ ಖರ್ಚಿನ ಹಲವು ಪಟ್ಟು ಇರುವುದರಿಂದ ಮೂರರಲ್ಲಿ ಒಂದನ್ನು ಮಾರಿದರೆ ಉಳಿದೆರಡರ ಖರ್ಚು ಹುಟ್ಟುತ್ತದೆ. ಮಾರಲು ಮನಸ್ಸಿಲ್ಲದವರು ಮೊದಲು ಒಂದನ್ನು ಕಟ್ಟಿ ಬಾಡಿಗೆಗೆ ಕೊಟ್ಟು, ಆ ಬಲದ ಮೇಲೆ ಇನ್ನೊಂದಕ್ಕೆ ಕೈ ಹಾಕಬಹುದು. ಅಪಾರ್ಟ್‌ಮೆಂಟನ್ನು ಹೀಗೆ ಕಂತಿನಲ್ಲಿ ಕಟ್ಟಲಾಗುವುದಿಲ್ಲ.

ಮನೆ ಒಡೆಸುವ ನಿಜವಾದ ಕಾರಣ ಎಷ್ಟೋ ಸಲ ಗೋಡೆಯಲ್ಲಿರುವುದಿಲ್ಲ, ಪಾಲಿನಲ್ಲಿರುತ್ತದೆ. ತಂದೆ ಸ್ವಂತ ದುಡಿಮೆಯಲ್ಲಿ ಕೊಂಡ ಸೈಟು. ಉಯಿಲು ಬರೆಯದೆ ತೀರಿಕೊಂಡರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಗಂಡು ಹೆಣ್ಣೆನ್ನದೆ ಮಕ್ಕಳೆಲ್ಲರಿಗೂ ಸಮಪಾಲು. ಒಂದು ಮನೆಯನ್ನು ನಾಲ್ಕು ಮಾಡಲಾಗದು, ನಾಲ್ಕು ಫ್ಲಾಟು ಮಾಡಿದರೆ ಮನಸ್ತಾಪ ತಪ್ಪುತ್ತದೆ ಎಂಬುದು ಹಿತೈಷಿಗಳ ಸಲಹೆ. ಮೇಲಿನ ಲೆಕ್ಕದಲ್ಲಿ ಮುಂದೊಂದು, ಹಿಂದೆ ಮೂರು, ಒಟ್ಟು ನಾಲ್ಕು ಮನೆಗಳೇ ಇವೆ. ವಿಸ್ತೀರ್ಣದ ವ್ಯತ್ಯಾಸವನ್ನು ವಿಭಾಗ ಪತ್ರದಲ್ಲಿ ಹಣದಿಂದ ಸರಿದೂಗಿಸಬಹುದು. ಹಿಂದಿನವರಿಗೆ ದಾರಿಯ ಹಕ್ಕು, ಒಳಚರಂಡಿ ಮತ್ತು ನೀರಿನ ಪೈಪು ಹಾಯುವ ಹಕ್ಕು ಇವನ್ನು ಅಡಿ ಅಂಗುಲದ ಸಮೇತ ಬರೆಸಿ ನೋಂದಣಿ ಮಾಡಿಸುವುದು ಮಾತ್ರ ಕಡ್ಡಾಯ. ಇಂದು ಅಣ್ಣತಮ್ಮಂದಿರು ಚೆನ್ನಾಗಿದ್ದಾರೆಂದು ಬಾಯಿಮಾತಿಗೆ ಬಿಟ್ಟ ಓಣಿ ನಾಳೆ ಮೊಮ್ಮಕ್ಕಳ ಕಾಲಕ್ಕೆ ವ್ಯಾಜ್ಯವಾಗುತ್ತದೆ.

ಮೂರನೆಯ ವಾದ ನಗರದ್ದು. ಬೆಂಗಳೂರಿಗೆ ಮನೆ ಬೇಕು, ಒಳಗಿನ ಬಡಾವಣೆಗಳಲ್ಲಿ ಹೆಚ್ಚು ಜನ ನೆಲೆಸಬೇಕು. ಇದನ್ನು ಅಲ್ಲಗಳೆಯುವುದು ತಪ್ಪು. ಒಂದರ ಜಾಗದಲ್ಲಿ ನಾಲ್ಕು ಸಂಸಾರವಾದಾಗ ಆ ಬೇಡಿಕೆಗೆ ಉತ್ತರ ಸಿಕ್ಕಂತಾಯಿತು. ಅಪಾರ್ಟ್‌ಮೆಂಟಿನಲ್ಲಿ ಎಂಟಾಗುತ್ತಿತ್ತು ಎನ್ನುವವರು ಆ ಎಂಟಕ್ಕೆ ತೆರುವ ಬೆಲೆಯನ್ನೂ ಹೇಳಬೇಕು. 18 ಚದರದ ಒಂದು ಮನೆಯ ಗೋಡೆ ಮತ್ತು ಮೋಲ್ಡಿನ ತೂಕ ಸ್ಥೂಲವಾಗಿ 150 ಟನ್. ಒಡೆದ ಮರುದಿನ ಅದು ಹದಿನೈದು ಲಾರಿ ಡೆಬ್ರಿ, ಹಲವು ಸಲ ರಾತ್ರೋರಾತ್ರಿ ಯಾವುದೋ ಕೆರೆಯಂಚಿಗೆ ಸುರಿದ ರಾಶಿ. ಅದರ ಜಾಗಕ್ಕೆ ಬರುವ ಸಿಮೆಂಟನ್ನು ಸುಡುವಾಗ ಟನ್ನಿಗೆ ಅರ್ಧ ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಎಪ್ಪತ್ತು ವರ್ಷದ ಹಿಂದೆ ಸುಟ್ಟ ಇಟ್ಟಿಗೆಯ ಹೊಗೆ ಆಗಲೇ ಹೋಗಿದೆ, ಇಟ್ಟಿಗೆ ಇನ್ನೂ ಗಟ್ಟಿಯಾಗಿದೆ. ಅದನ್ನು ಪುಡಿ ಮಾಡಿ ಇನ್ನೊಮ್ಮೆ ಹೊಗೆ ಎಬ್ಬಿಸುವುದಕ್ಕೆ ಅಭಿವೃದ್ಧಿ ಎಂಬ ಹೆಸರು ಒಪ್ಪುವುದಿಲ್ಲ.

ನೀರಿನ ಲೆಕ್ಕ ಇನ್ನೂ ಕಟುವಾದದ್ದು. ಬೆಂಗಳೂರಿನ ವಾರ್ಷಿಕ ಮಳೆ ಸರಾಸರಿ 970 ಮಿಲಿಮೀಟರಿನಷ್ಟು. 6,600 ಚದರಡಿಯ ಸೈಟಿನ ಮೇಲೆ ವರ್ಷಕ್ಕೆ ಬೀಳುವ ನೀರು ಸುಮಾರು 5.9 ಲಕ್ಷ ಲೀಟರ್. ಸ್ಟಿಲ್ಟ್ ಪಾರ್ಕಿಂಗ್ ಮಾಡಿ ಕಾಂಪೌಂಡಿನಿಂದ ಕಾಂಪೌಂಡಿಗೆ ಕಾಂಕ್ರೀಟು ಹಾಸಿದ ಕಟ್ಟಡದಲ್ಲಿ ಅದರ ಬಹುಪಾಲು ಚರಂಡಿ ಸೇರುತ್ತದೆ. ಹಳೆಯ ಮನೆ ಮತ್ತು ಸಾಲುಮನೆಗಳು ಹಿಡಿಯುವುದು ಸೈಟಿನ ಅರ್ಧಕ್ಕಿಂತ ಕಡಿಮೆ. ಉಳಿದ ನೆಲ ನೀರು ಕುಡಿಯುತ್ತದೆ, ತಾರಸಿಯ ನೀರು ಹಿತ್ತಿಲ ಬಾವಿಗೆ ಇಳಿಯುತ್ತದೆ. ಮಳೆನೀರು ಸಂಗ್ರಹವನ್ನು 2009ರಿಂದಲೇ ಕಡ್ಡಾಯ ಮಾಡಿರುವ ನಗರದಲ್ಲಿ 2024ರ ಮಾರ್ಚಿನಲ್ಲಿ ಜನ ಟ್ಯಾಂಕರ್ ಹಿಂದೆ ಓಡಿದ್ದನ್ನು ಯಾರೂ ಮರೆತಿಲ್ಲ. ಆ ಬೇಸಿಗೆಯಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿದವು.

ಈ ವಿಧಾನಕ್ಕೆ ಮಿತಿಗಳಿವೆ. 30–40ರ ಸೈಟಿನಲ್ಲಿ ಹಿತ್ತಿಲೇ ಇರುವುದಿಲ್ಲ. 40–60ರಲ್ಲಿ ಹಿಂದೆ ಒಂದು ಸಣ್ಣ ಮನೆ ಕಷ್ಟದಲ್ಲಿ ಕೂರಬಹುದು. ಪಕ್ಕದ ದಾರಿ ಎಂಟು ಅಡಿಗಿಂತ ಕಿರಿದಾದರೆ ಜೆಸಿಬಿ ಒಳಗೆ ಹೋಗದು. ಪಾಯ ಕೈಯಲ್ಲೇ ಅಗೆಯಬೇಕು, ಮರಳು ಇಟ್ಟಿಗೆ ತಲೆಹೊರೆಯಲ್ಲಿ ಸಾಗಬೇಕು. ಹೊಸ ಪಾಯವನ್ನು ಹಳೆಯ ಪಾಯದ ಮಗ್ಗುಲಲ್ಲೇ ಅದಕ್ಕಿಂತ ಆಳವಾಗಿ ಒಮ್ಮೆಗೇ ಅಗೆಯಬಾರದು. ಹಳೆಯ ಗೋಡೆಯ ಕೆಳಗಿನ ಮಣ್ಣು ಜಾರಿ ಬಿರುಕು ಬಿಡುತ್ತದೆ. 13 ಅಡಿ ಅಂಗಳ ಬಿಡುವುದು ಹಳೆಯ ಅಡುಗೆಮನೆಗೆ ಬೆಳಕು ಉಳಿಸುವುದರ ಜೊತೆಗೆ ಈ ಕಾರಣಕ್ಕೂ. ಸೈಟು ರಸ್ತೆಯಿಂದ ಹಿಂದಕ್ಕೆ ಇಳಿಜಾರಾಗಿದ್ದರೆ ಒಳಚರಂಡಿಯನ್ನು ರಸ್ತೆಗೆ ಹರಿಸಲು ವಾಟ ಸಿಗುತ್ತದೆಯೇ ಎಂದು ಎಲ್ಲಕ್ಕಿಂತ ಮೊದಲು ಮಟ್ಟ ಹಿಡಿದು ನೋಡಬೇಕು. ಸಿಗದಿದ್ದರೆ ಯೋಜನೆ ಅಲ್ಲಿಗೇ ನಿಲ್ಲುತ್ತದೆ. ಪರೀಕ್ಷೆಯಲ್ಲಿ ಪಾಯವೇ ಕುಸಿದಿದೆ, ಗೋಡೆಗಳು ವಾಲಿವೆ ಎಂದು ತಿಳಿದುಬಂದ ಮನೆಯನ್ನು ಒಡೆಯುವುದೇ ಸರಿ.

ಹಳೆಯ ಮನೆಯ ಪರವಾಗಿ ಮಾತಾಡುವವರಲ್ಲೂ ಒಂದು ತಪ್ಪಿದೆ. ಇಡೀ ಸೈಟನ್ನು ಇದ್ದಂತೆ ಇಡಬೇಕು, ಹಿತ್ತಿಲಲ್ಲಿ ಒಂದು ಇಟ್ಟಿಗೆಯೂ ಏಳಬಾರದು ಎಂಬ ಹಟದಿಂದ ಎಷ್ಟೋ ಮನೆಗಳು ಉಳಿಯುವ ಬದಲು ಬಿಲ್ಡರ್ ಕೈ ಸೇರಿವೆ. ತೆರಿಗೆ ಕಟ್ಟಿ, ತಾರಸಿ ಸೋರುವುದನ್ನು ನಿಲ್ಲಿಸಿ, ಪಾಲು ಹಂಚಬೇಕಾದವರು ಮಾಲೀಕರು. ಅವರಿಗೆ ಆದಾಯದ ದಾರಿ ತೋರಿಸದೆ ನೆನಪಿನ ಬೆಲೆ ಹೇಳಿದರೆ ಮನೆ ಉಳಿಯುವುದಿಲ್ಲ.

ಕಾನೂನಿನ ರಕ್ಷಣೆಯಂತೂ ಈ ಮನೆಗಳಿಗೆ ಇಲ್ಲವೆಂದೇ ಹೇಳಬೇಕು. ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಬರಲು ಕಟ್ಟಡಕ್ಕೆ ನೂರು ವರ್ಷ ತುಂಬಿರಬೇಕು. ಸ್ವತಂತ್ರ ಭಾರತದ ಕಟ್ಟಡಗಳು ಆ ವಯಸ್ಸಿಗೆ ಬರುವ ಮೊದಲೇ ನೆಲಸಮವಾಗುತ್ತಿವೆ. ದೆಹಲಿಯ ಪ್ರಗತಿ ಮೈದಾನದಲ್ಲಿ ರಾಜ್ ರೇವಲ್ ಮತ್ತು ಮಹೇಂದ್ರ ರಾಜ್ 1972ರಲ್ಲಿ ನಿಲ್ಲಿಸಿದ ಹಾಲ್ ಆಫ್ ನೇಷನ್ಸ್‌ನಂಥ ಕಟ್ಟಡವೇ ಅರವತ್ತು ವರ್ಷ ತುಂಬಿಲ್ಲವೆಂಬ ಕಾರಣಕ್ಕೆ ಪಾರಂಪರಿಕ ಪಟ್ಟಿಗೆ ಸೇರದೆ 2017ರ ಏಪ್ರಿಲಿನಲ್ಲಿ ನೆಲಕ್ಕುರುಳಿತು. ಜಯನಗರದ ಮೇಷ್ಟ್ರ ಮನೆಯನ್ನು ಕಾಯಲು ಯಾವ ಸಮಿತಿಯೂ ಬರುವುದಿಲ್ಲ. ಬರಬೇಕಾದ್ದು ಕಟ್ಟಡ ಉಪವಿಧಿಗಳಲ್ಲಿ ಒಂದು ಸಣ್ಣ ತಿದ್ದುಪಡಿ: ಮುಂದಿನ ಹಳೆಯ ಮನೆಯನ್ನು ಉಳಿಸಿಕೊಂಡವರಿಗೆ ಹಿಂದೆ ಕಟ್ಟುವಾಗ ಸೆಟ್‌ಬ್ಯಾಕ್ ಮತ್ತು ಪಾರ್ಕಿಂಗಿನಲ್ಲಿ ರಿಯಾಯಿತಿ, ನಕ್ಷೆ ಮಂಜೂರಾತಿಯಲ್ಲಿ ಆದ್ಯತೆ, ಹಿಂದಿನ ಮನೆಗಳಿಗೆ ತಕರಾರಿಲ್ಲದೆ ಪ್ರತ್ಯೇಕ ಖಾತೆ. ಪಾಲಿಕೆಗೆ ಇದರಲ್ಲಿ ನಷ್ಟವಿಲ್ಲ. ಒಂದು ಮನೆಯಿಂದ ಬರುತ್ತಿದ್ದ ಕಂದಾಯ ನಾಲ್ಕರಿಂದ ಬರುತ್ತದೆ.

ಆ ತಿದ್ದುಪಡಿ ಬರುವವರೆಗೆ ಮಾಲೀಕರ ಕೈಯಲ್ಲಿ ಒಂದು ಕೆಲಸವಂತೂ ಇದೆ. ಜೆ.ಡಿ. ಪತ್ರಕ್ಕೆ ಸಹಿ ಹಾಕುವ ಮೊದಲು, ಒಡೆಯುವುದರಲ್ಲಿ ಲಾಭವಿಲ್ಲದ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ ಮೋಲ್ಡನ್ನು ತಟ್ಟಿಸಿ ನೋಡಲಿ, ಟೇಪು ಹಿಡಿದು ಹಿತ್ತಿಲನ್ನು ಅಳೆಯಲಿ.